ಹತ್ತು ಮೂಟೆ ಸಿಮೆಂಟು ಹೊರುವ ಮೇಜು: ದೊಡ್ಡ ಅಕ್ವೇರಿಯಂಗೆ ಮನೆಯಲ್ಲೇ ಸ್ಟ್ಯಾಂಡ್

ನನಗೆ ಬುದ್ಧಿ ಕಲಿಸಿದ್ದು ಒಂದು ಡ್ರಾಯರ್. ಟಿವಿ ಸ್ಟ್ಯಾಂಡ್ ಮೇಲೆ ಮೂರಡಿಯ ಅಕ್ವೇರಿಯಂ ಇಟ್ಟು ಎಂಟು ತಿಂಗಳಾಗಿತ್ತು. ಅದರಡಿಯ ಡ್ರಾಯರ್ ಬಿಗಿಯಾಗತೊಡಗಿದಾಗ ಅಂಚಿಗೆ ಸೋಪು ಸವರಿದೆ. ಮತ್ತೆ ಬಿಗಿಯಾಯಿತು, ಮತ್ತೆ ಸವರಿದೆ. ಒಂದು ರಾತ್ರಿ ಅದು ಬರಲೇ ಇಲ್ಲ. ನೆಲದ ಮೇಲೆ ಕೂತು, ಒಂದು ಕಣ್ಣು ಮುಚ್ಚಿ, ಹಲಗೆಯ ಅಂಚನ್ನು ಈ ತುದಿಯಿಂದ ಆ ತುದಿಗೆ ನೋಡಿದೆ. ಮಧ್ಯದಲ್ಲಿ ದೋಣಿಯ ಹಾಗೆ ಬಗ್ಗಿತ್ತು! ಪಾರ್ಟಿಕಲ್ ಬೋರ್ಡು, ಹಿಂಬದಿಯ ಮೂಲೆಯಲ್ಲಿ ನೀರು ತಾಗಿ ನೆನೆದ ಬ್ರೆಡ್ಡಿನ ಹಾಗೆ ಉಬ್ಬಿತ್ತು. ಅವತ್ತು ರಾತ್ರಿ ಹನ್ನೆರಡರವರೆಗೆ ಬಕೆಟ್ ಬಕೆಟ್ ನೀರು ಹೊತ್ತು ಹಾಕಿದೆವು. ಎರಡು ಆಸ್ಕರ್ ಮೀನುಗಳು ಹದಿನೈದು ದಿನ ಬಚ್ಚಲುಮನೆಯ ನೀಲಿ ಡ್ರಮ್ಮಿನಲ್ಲಿ ಕಾಲ ಕಳೆದವು.

ಆ ಹದಿನೈದು ದಿನಗಳಲ್ಲಿ ಕಲಿತದ್ದು, ಮುಂದೆ ನಾಲ್ಕಡಿ ಟ್ಯಾಂಕಿಗೆ ಸ್ಟ್ಯಾಂಡ್ ಕಟ್ಟುವಾಗ ಕಲಿತದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಅಳತೆಗಳೆಲ್ಲ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿನವು. ನಿಮ್ಮದು ಬೇರೆ ಅಳತೆಯದಾದರೆ ಲೆಕ್ಕ ಮಾಡುವ ದಾರಿಯನ್ನು ಹಿಡಿದುಕೊಳ್ಳಿ, ಸಂಖ್ಯೆಗಳನ್ನು ಬಿಡಿ.

ಮೊದಲು ತೂಕ

ನಾಲ್ಕು, ಒಂದೂವರೆ, ಎರಡು. ಗುಣಿಸಿದರೆ 12 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್ ನೀರು, ಅಂದರೆ ಒಟ್ಟು 340 ಲೀಟರ್. ಗಾಜಿನ ದಪ್ಪ, ಮೇಲೆ ಖಾಲಿ ಬಿಡುವ ಒಂದೂವರೆ ಇಂಚು ಕಳೆದರೆ ನಿಜವಾಗಿ ಹಿಡಿಯುವುದು 290 ಲೀಟರಿನಷ್ಟು, ಅಷ್ಟೇ ಕೆಜಿ. ಗಾಜು ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ, ಎರಡೂವರೆ ಕೆಜಿ ತೂಗುತ್ತದೆ. ಈ ಟ್ಯಾಂಕಿಗೆ 28 ಚದರ ಅಡಿ ಗಾಜು ಬೇಕು. 12 ಮಿಲಿಮೀಟರಿನದಾದರೆ 78 ಕೆಜಿ. ತಳಕ್ಕೆ ಎರಡಿಂಚು ಮರಳು ಹಾಸಿದರೆ ಇನ್ನೊಂದು 45 ಕೆಜಿ. ಅದರ ಮೇಲೆ ಕಲ್ಲು, ಬೇರು, ಮುಚ್ಚಳ, ಲೈಟು. ಮರಳು ಮತ್ತು ಕಲ್ಲು ಹೊರದೂಡುವ ನೀರನ್ನು ಕಳೆದರೂ 430 ಕೆಜಿ ಆಗುತ್ತದೆ. ಸ್ಟ್ಯಾಂಡಿನ ಸ್ವಂತ ತೂಕ ಸೇರಿಸಿ 500 ಅಂತ ಇಟ್ಟುಕೊಳ್ಳಿ.

500 ಕೆಜಿ ಅಂದರೆ ಹತ್ತು ಮೂಟೆ ಸಿಮೆಂಟು. ಆರು ಚದರ ಅಡಿ ಜಾಗದಲ್ಲಿ, ಹಗಲೂ ರಾತ್ರಿಯೂ, ವರ್ಷಗಟ್ಟಲೆ. ಮರಕ್ಕೆ ಒಂದು ಗುಣವಿದೆ: ಒಂದು ದಿನ ಹೊತ್ತ ಭಾರಕ್ಕೆ ಬಗ್ಗದ್ದು ಆರು ತಿಂಗಳು ಹೊತ್ತಾಗ ನಿಧಾನವಾಗಿ ಬಗ್ಗುತ್ತದೆ. ‘ನಾನೇ ಹತ್ತಿ ನಿಂತೆ, ಏನೂ ಆಗಲಿಲ್ಲ’ ಎನ್ನುವ ಪರೀಕ್ಷೆಯನ್ನು ನಂಬಬೇಡಿ. ನನ್ನ ಟಿವಿ ಸ್ಟ್ಯಾಂಡ್ ಮೇಲೂ ನಾನು ನಿಂತು ನೋಡಿದ್ದೆ.

ಎಲ್ಲಿ ಇಡುವುದು

ನೆಲಮಹಡಿಯಾದರೆ ಹೆಚ್ಚು ಯೋಚನೆ ಬೇಡ. ಮಹಡಿ ಮೇಲಾದರೆ ಸ್ವಲ್ಪ ಲೆಕ್ಕ ಬೇಕು. ಮನೆಯ ಕೋಣೆಗಳ ಆರ್‌ಸಿಸಿ ಸ್ಲ್ಯಾಬನ್ನು ನಮ್ಮಲ್ಲಿ ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಬಳಕೆಯ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಕಟ್ಟಡದ ಭಾರಗಳ ಭಾರತೀಯ ಮಾನಕ ಐಎಸ್ 875 ಹೇಳುವುದು ಅದನ್ನೇ. ನಮ್ಮ ಟ್ಯಾಂಕು ಕೂತ ಜಾಗದಲ್ಲಿ ಅದು 800 ಕೆಜಿ ದಾಟುತ್ತದೆ. ಇದನ್ನು ಓದಿ ಗಾಬರಿಯಾಗಬೇಕಿಲ್ಲ, ಸ್ಲ್ಯಾಬ್ ಭಾರವನ್ನು ಸುತ್ತಮುತ್ತ ಹಂಚುತ್ತದೆ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯ ಒಟ್ಟು ಲೆಕ್ಕವೇ ಎರಡು ಟನ್ನಿಗೆ ಮೇಲಿದೆ. ಆದರೆ ಕೋಣೆಯ ನಟ್ಟನಡುವೆ ಇಡಬೇಡಿ. ಗೋಡೆಗೆ ಒತ್ತಿ, ಸಾಧ್ಯವಾದರೆ ಪಿಲ್ಲರ್ ಇರುವ ಮೂಲೆಯ ಹತ್ತಿರ, ಕೆಳಗೆ ಬೀಮ್ ಹಾದುಹೋದ ಕಡೆ ಇಡಿ. ಬೀಮ್ ಎಲ್ಲಿದೆ ಅಂತ ಕೆಳಗಿನ ಮನೆಯ ಸೀಲಿಂಗ್ ನೋಡಿದರೆ ಗೊತ್ತಾಗುತ್ತದೆ. ಐದಾರು ಅಡಿಗೂ ದೊಡ್ಡ ಟ್ಯಾಂಕನ್ನು ಮಹಡಿ ಮೇಲೆ ಇಡುವವರು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳಲೇಬೇಕು. ಬಾಲ್ಕನಿಯ ಮಾತೇ ಬೇಡ. ಮಲೆನಾಡಿನ ಹಳೇ ಮನೆಗಳ ಹಲಗೆ ಹಾಸಿನ ಉಪ್ಪರಿಗೆ ಮೇಲಂತೂ ಯೋಚನೆಯನ್ನೂ ಮಾಡಬೇಡಿ.

ಇನ್ನೊಂದು ಪರೀಕ್ಷೆ ಎರಡು ನಿಮಿಷದ್ದು. ಜಾಗ ಗೊತ್ತಾದ ಮೇಲೆ ಅಲ್ಲಿನ ಟೈಲ್ಸ್ ಮೇಲೆ ನಾಣ್ಯದಿಂದ ಕುಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ತುಂಬಿಲ್ಲ ಎಂದರ್ಥ. ಅಲ್ಲಿ ಸ್ಟ್ಯಾಂಡಿನ ಕಾಲು ಬಂದರೆ ಟೈಲ್ಸ್ ಸೀಳುತ್ತದೆ. ಜಾಗ ಬದಲಿಸಿ, ಇಲ್ಲವೇ ಆ ಟೈಲ್ಸ್ ಎಬ್ಬಿಸಿ ಮತ್ತೆ ಕೂರಿಸಿ.

ಮರ ಆರಿಸುವುದು

ನಮ್ಮೂರು ಶಿವಮೊಗ್ಗ, ಮರದ ಆಯ್ಕೆಗೆ ಕೊರತೆ ಇಲ್ಲ. ತೇಗ ಒಳ್ಳೆಯದೇ, ಆದರೆ ಬಣ್ಣ ಬಳಿದು ಮುಚ್ಚುವ ಚೌಕಟ್ಟಿಗೆ ತೇಗ ಹಾಕುವುದು ದುಡ್ಡು ಸುರಿದ ಹಾಗೆ. ನಾನು ತಂದದ್ದು ಮತ್ತಿ. ಭಾರ, ಗಟ್ಟಿ, ಸ್ಕ್ರೂ ಹಿಡಿದರೆ ಬಿಡುವುದಿಲ್ಲ. ಹಳೇ ಮನೆಗಳಲ್ಲಿ ತೊಲೆಗೆ, ಬಾಗಿಲ ಚೌಕಟ್ಟಿಗೆ ಇದೇ. ಕಷ್ಟವೆಂದರೆ ಡ್ರಿಲ್ ಬಿಟ್ಟುಗಳನ್ನು ತಿನ್ನುತ್ತದೆ. ಹೊನ್ನೆಯೂ ಆದೀತು, ಒದ್ದೆಯಾದರೆ ಬಣ್ಣ ಬಿಡುತ್ತದೆ ಅನ್ನುವುದು ನೆನಪಿರಲಿ, ನೆಲ ಒರೆಸುವಾಗ ಕಲೆ ಉಳಿದೀತು. ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಅಗ್ಗ, ಆದರೆ ಹುಳು ಬೀಳುವ ಭಯ ಹೆಚ್ಚು. ಪ್ಯಾಕಿಂಗ್ ಪೆಟ್ಟಿಗೆ ಒಡೆದ ಪೈನ್ ರೀಪುಗಳಲ್ಲಿ ಗಂಟುಗಳಿಲ್ಲದವನ್ನು ಆರಿಸಿದರೆ ಎರಡಡಿ ಟ್ಯಾಂಕಿಗೆ ಸಾಕು, ನಾಲ್ಕಡಿಗೆ ಬೇಡ.

ಯಾವ ಜಾತಿ ಎನ್ನುವುದಕ್ಕಿಂತ ಮರ ಒಣಗಿದೆಯೋ ಇಲ್ಲವೋ ಎನ್ನುವುದು ಮುಖ್ಯ. ಹಸಿ ಮರದಲ್ಲಿ ಕಟ್ಟಿದ ಚೌಕಟ್ಟು ಎರಡು ತಿಂಗಳಲ್ಲಿ ತಿರುಚಿಕೊಳ್ಳುತ್ತದೆ, ನಾಲ್ಕು ಮೂಲೆಯಲ್ಲಿ ಒಂದು ಮೇಲೆದ್ದು ಗಾಜಿನ ತಳ ಅಲ್ಲಿ ಸೀಳುತ್ತದೆ. ಸಾಮಿಲ್‌ನಲ್ಲಿ ಒಂದೇ ಅಳತೆಯ ನಾಲ್ಕು ತುಂಡು ಎತ್ತಿ ನೋಡಿ. ಒಂದು ಮಾತ್ರ ವಿಪರೀತ ಭಾರವಿದ್ದರೆ ಅದರಲ್ಲಿ ನೀರಿದೆ. ಮನೆಗೆ ತಂದ ಮೇಲೆ ನೆರಳಲ್ಲಿ, ನಡುನಡುವೆ ರೀಪು ಇಟ್ಟು ಗಾಳಿಯಾಡುವ ಹಾಗೆ ಅಟ್ಟಿ ಹಾಕಿ ಮೂರ್ನಾಲ್ಕು ವಾರ ಬಿಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ದೀಪಾವಳಿ ಕಳೆಯಲಿ.

ತರಬೇಕಾದದ್ದು: ನಾಲ್ಕಕ್ಕೆ ಎರಡು ಇಂಚಿನ ಮರ 15 ಅಡಿ, ಮೂರಕ್ಕೆ ಮೂರು ಇಂಚಿನದು 12 ಅಡಿ, ಮೂರಕ್ಕೆ ಎರಡು ಇಂಚಿನದು 12 ಅಡಿ. ವೇಸ್ಟೇಜ್ ಸೇರಿ ಎರಡೂವರೆ ಸಿಎಫ್‌ಟಿ, ಅಂದರೆ ಘನ ಅಡಿ, ಎಂದು ಕೇಳಿ. 12 ಮಿಲಿಮೀಟರಿನ ಪ್ಲೈವುಡ್ ಎಂಟಕ್ಕೆ ನಾಲ್ಕಡಿ ಒಂದು ಹಾಳೆ. ಮೇಲ್ಹಾಸಿಗೆ 18 ಮಿಲಿಮೀಟರಿನ ತುಂಡು. ಪ್ಲೈವುಡ್ ಮೇಲೆ ಐಎಸ್ 710 ಗುರುತಿರಲಿ, ಅದು ನೀರು ತಡೆಯುವ ಮರೀನ್ ಪ್ಲೈ. ಅಂಗಡಿಯವರು ‘ಕಮರ್ಷಿಯಲ್ ಸಾಕು ಸಾರ್’ ಅನ್ನುತ್ತಾರೆ. ಮೀನಿನ ತೊಟ್ಟಿಯ ಕೆಳಗೆ ಅದು ಸಾಲುವುದಿಲ್ಲ. ನೀರು ಬದಲಿಸುವಾಗ ಒಂದು ಲೋಟವಾದರೂ ಚೆಲ್ಲದೆ ಇರುವ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಜೊತೆಗೆ ನೀರು ತಡೆಯುವ ಮರದ ಅಂಟು, ಮೂರಿಂಚಿನ ಮತ್ತು ಒಂದೂವರೆ ಇಂಚಿನ ಸ್ಟೀಲ್ ಸ್ಕ್ರೂ. ಜಿಪ್ಸಂ ಬೋರ್ಡಿಗೆ ಹಾಕುವ ಕಪ್ಪು ಸ್ಕ್ರೂ ತರಬೇಡಿ, ಗಟ್ಟಿ ಮರದಲ್ಲಿ ಅದರ ತಲೆ ಕಿತ್ತು ಬರುತ್ತದೆ.

ಭಾರ ಇಳಿಯುವ ದಾರಿ

ಇಡೀ ಕೆಲಸದ ಗುಟ್ಟು ಇಲ್ಲಿದೆ. ನಾನು ಮೊದಲು ಬರೆದ ನಕ್ಷೆಯಲ್ಲಿ ನಾಲ್ಕು ಕಾಲು ನಿಲ್ಲಿಸಿ, ಅವುಗಳ ಪಕ್ಕಕ್ಕೆ ಅಡ್ಡಪಟ್ಟಿಗಳನ್ನು ಸ್ಕ್ರೂ ಹೊಡೆದಿದ್ದೆ. ಮಂಚದ ಹಾಗೆ. ನಮ್ಮ ಬೀದಿಯ ಆಚಾರ್ರಿಗೆ ತೋರಿಸಿದೆ. ಅವರು ಕಾಗದ ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: ‘ಈ ಪಟ್ಟಿ ಯಾತರ ಮೇಲೆ ಕೂತಿದೆ?’

‘ಸ್ಕ್ರೂ ಇದೆಯಲ್ಲ ಆಚಾರ್ರೇ, ಒಂದೊಂದು ಕಡೆ ನಾಲ್ಕು.’

‘ಸ್ಕ್ರೂ ಇರೋದು ಅಲ್ಲಾಡದ ಹಾಗೆ ಹಿಡ್ಕೊಳ್ಳೋಕೆ ಮಾರಾಯ್ರೇ, ಹೊರೋಕಲ್ಲ. ಮರದ ಮೇಲೆ ಮರ ಕೂರ್ಬೇಕು.’

ಅಷ್ಟೇ. ಟ್ಯಾಂಕಿನ ತೂಕ ಪ್ಲೈವುಡ್ಡಿಗೆ, ಅಲ್ಲಿಂದ ಮೇಲಿನ ಚೌಕಟ್ಟಿಗೆ, ಅಲ್ಲಿಂದ ಕಾಲಿನ ತಲೆಗೆ, ಕಾಲಿನಿಂದ ಕೆಳಗಿನ ಚೌಕಟ್ಟಿಗೆ, ಅಲ್ಲಿಂದ ನೆಲಕ್ಕೆ ಇಳಿಯಬೇಕು. ನಡುವೆ ಎಲ್ಲೂ ‘ಸ್ಕ್ರೂ ಹೊತ್ತುಕೊಂಡಿದೆ’ ಅನ್ನುವ ಜಾಗ ಇರಬಾರದು. ನಿಮ್ಮ ನಕ್ಷೆಯಲ್ಲಿ ಬೆರಳಿಟ್ಟು ಮೇಲಿಂದ ಕೆಳಗೆ ಹೋಗಿ. ಎಲ್ಲ ಸ್ಕ್ರೂಗಳೂ ಮಾಯವಾದವು ಎಂದುಕೊಂಡರೂ ಟ್ಯಾಂಕು ಕೆಳಗೆ ಬೀಳದೆ ನಿಲ್ಲುವ ಹಾಗಿದ್ದರೆ ನಕ್ಷೆ ಸರಿಯಿದೆ.

ಎರಡನೆಯದು, ಪಟ್ಟಿಯನ್ನು ನಿಲ್ಲಿಸಿ ಕೂರಿಸಬೇಕು, ಮಲಗಿಸಬಾರದು. ನಾಲ್ಕಕ್ಕೆ ಎರಡಿಂಚಿನ ಮರವನ್ನು ನಾಲ್ಕಿಂಚು ಎತ್ತರ ಬರುವ ಹಾಗೆ ನಿಲ್ಲಿಸಿದರೆ, ಮಲಗಿಸಿದ್ದಕ್ಕಿಂತ ನಾಲ್ಕು ಪಟ್ಟು ಬಿಗಿ. ಬಗ್ಗದಿರುವ ಶಕ್ತಿ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಮೂರಿಂಚಿನ ಪಟ್ಟಿಯ ಬದಲು ನಾಲ್ಕಿಂಚಿನದು ಹಾಕಿದರೆ ಬಿಗಿ ಎರಡರಷ್ಟಕ್ಕಿಂತಲೂ ಹೆಚ್ಚಾಗುತ್ತದೆ. ಕಾಲು ದಪ್ಪ ಮಾಡುವುದರಲ್ಲಿ ಅಷ್ಟು ಲಾಭವಿಲ್ಲ, ನೇರ ನಿಂತ ಮೂರಿಂಚಿನ ಕಾಲಿಗೆ ಈ ಭಾರ ಲೆಕ್ಕಕ್ಕೇ ಇಲ್ಲ. ನಡುವೆ ಒಂದು ಜೊತೆ ಕಾಲು ಕೊಟ್ಟರೆ ಬಾಗುವ ಉದ್ದವೇ ಅರ್ಧವಾಗುತ್ತದೆ. ನನ್ನ ಸ್ಟ್ಯಾಂಡಿಗೆ ಆರು ಕಾಲು.

ತುಂಡುಗಳು

ಸ್ಟ್ಯಾಂಡಿನ ಹೊರ ಅಳತೆ ಟ್ಯಾಂಕಿಗಿಂತ ಒಂದಿಂಚು ಹೆಚ್ಚು, 49ಕ್ಕೆ 19 ಇಂಚು. ಎತ್ತರ 30 ಇಂಚು. ಸೋಫಾದಲ್ಲಿ ಕೂತವರ ಕಣ್ಣಿಗೆ ಮೀನು ನೇರ ಕಾಣುತ್ತದೆ, ತಳ ಉಜ್ಜುವಾಗ ಮಾತ್ರ ಸ್ಟೂಲ್ ಬೇಕು. ಇನ್ನೂ ಎತ್ತರ ಮಾಡಿದರೆ ಕೈ ತಳ ಮುಟ್ಟದು.

ನಾಲ್ಕಕ್ಕೆ ಎರಡರಲ್ಲಿ: 49 ಇಂಚಿನ ಎರಡು ತುಂಡು, 15 ಇಂಚಿನ ಐದು ತುಂಡು. ಇದು ಮೇಲಿನ ಚೌಕಟ್ಟು.
ಮೂರಕ್ಕೆ ಮೂರರಲ್ಲಿ: 23¼ ಇಂಚಿನ ಆರು ಕಾಲು.
ಮೂರಕ್ಕೆ ಎರಡರಲ್ಲಿ: 49 ಇಂಚಿನ ಎರಡು, 13 ಇಂಚಿನ ಮೂರು. ಇದು ಕೆಳಗಿನ ಚೌಕಟ್ಟು, ಇದನ್ನು ಮಾತ್ರ ಮಲಗಿಸಿ ಕೂರಿಸುವುದು.
12 ಮಿಲಿಮೀಟರ್ ಪ್ಲೈನಲ್ಲಿ: ಹಿಂಬದಿಗೆ 49ಕ್ಕೆ 28¾, ಪಕ್ಕಗಳಿಗೆ 19ಕ್ಕೆ 28¾ ಎರಡು. ಒಂದೇ ಹಾಳೆಯಲ್ಲಿ ಬರುತ್ತದೆ.

ಸಾಮಿಲ್‌ನಲ್ಲಿ ರಂದ ಹೊಡೆಸಿದರೆ ನಾಲ್ಕಿಂಚು ಅನ್ನುವುದು ಮೂರೂ ಮುಕ್ಕಾಲಕ್ಕೆ ಇಳಿಯುತ್ತದೆ. ಆದ್ದರಿಂದ ಮರ ಕೈಗೆ ಬಂದ ಮೇಲೆ ಅಳೆದು, 15 ಮತ್ತು 13 ಇಂಚಿನ ತುಂಡುಗಳನ್ನು ಅದಕ್ಕೆ ತಕ್ಕಂತೆ ಸರಿಪಡಿಸಿಕೊಳ್ಳಿ. ಕಾಲುಗಳ ವಿಷಯದಲ್ಲಿ ಎತ್ತರ ಕಾಲಿಂಚು ಹೆಚ್ಚುಕಮ್ಮಿ ಆದರೂ ನಡೆಯುತ್ತದೆ, ಆರೂ ಒಂದೇ ಎತ್ತರ ಇರಬೇಕು, ಅಷ್ಟೇ. ಒಂದನ್ನು ಕತ್ತರಿಸಿ ಅದರಿಂದಲೇ ಉಳಿದ ಐದಕ್ಕೂ ಗುರುತು ಹಾಕಿ. ಎರಡನೆಯದರಿಂದ ಮೂರನೆಯದಕ್ಕೆ, ಮೂರನೆಯದರಿಂದ ನಾಲ್ಕನೆಯದಕ್ಕೆ ಗುರುತು ಹಾಕುತ್ತಾ ಹೋದರೆ ಪೆನ್ಸಿಲ್ ಗೆರೆಯ ದಪ್ಪವೇ ಸೇರಿ ಆರನೆಯದು ಉದ್ದವಾಗಿಬಿಡುತ್ತದೆ. ಕೊನೆಗೆ ಆರನ್ನೂ ಗ್ರಾನೈಟ್ ಅಡುಗೆ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, ತಲೆಯ ಮೇಲೆ ಕೈ ಆಡಿಸಿ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರ್ ಬೆರಳಿಗೆ ಸಿಗುತ್ತದೆ.

ಕಟ್ಟುವ ಕ್ರಮ

ಮೇಲಿನ ಚೌಕಟ್ಟು ಮೊದಲು. ಎರಡು ಉದ್ದ ಪಟ್ಟಿಗಳ ನಡುವೆ ಅಡ್ಡ ತುಂಡುಗಳು: ಎರಡು ತುದಿಗೆ ಎರಡು, ನಟ್ಟನಡುವೆ ಒಂದು, ಅವುಗಳ ಮಧ್ಯೆ ಇನ್ನೆರಡು. ಸ್ಕ್ರೂ ಹಾಕುವ ಮುಂಚೆ 3 ಮಿಲಿಮೀಟರ್ ಬಿಟ್ಟಿನಿಂದ ತೂತು ಕೊರೆಯಲೇಬೇಕು; ಮತ್ತಿಯಲ್ಲಿ ನೇರ ಸ್ಕ್ರೂ ಹೊಡೆದರೆ ತುದಿ ಸೀಳುತ್ತದೆ. ಅಂಟು ಹಚ್ಚಿ, ಒಂದೊಂದು ಕೂಡಿಕೆಗೆ ಮೂರಿಂಚಿನ ಸ್ಕ್ರೂ ಎರಡು. ಪೂರ್ತಿ ಬಿಗಿ ಮಾಡುವ ಮುಂಚೆ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕರ್ಣ 52½ ಇಂಚಿನ ಆಸುಪಾಸು ಬರಬೇಕು. ಸಂಖ್ಯೆಗಿಂತ ಎರಡೂ ಒಂದೇ ಆಗಿರುವುದು ಮುಖ್ಯ. ಒಂದು ಉದ್ದವಿದ್ದರೆ ಆ ಮೂಲೆಯನ್ನು ಅಂಗೈಯಲ್ಲಿ ಒತ್ತಿ ಸರಿಮಾಡಿ, ಆಮೇಲೆ ಬಿಗಿ ಮಾಡಿ.

ಕೆಳಗಿನ ಚೌಕಟ್ಟು ಇದೇ ರೀತಿ, ಇಲ್ಲಿ ಅಡ್ಡ ತುಂಡುಗಳು ಮೂರು.

ಈಗ ಕೂಡಿಸುವುದು ತಲೆಕೆಳಗಾಗಿ. ಮೇಲಿನ ಚೌಕಟ್ಟನ್ನು ಸಮ ನೆಲದ ಮೇಲೆ ಬೋರಲು ಹಾಕಿ. ನಾಲ್ಕು ಮೂಲೆಗೆ ನಾಲ್ಕು ಕಾಲು, ನಡುವಿನ ಅಡ್ಡ ತುಂಡಿನ ಎರಡು ತುದಿಗೆ ಎರಡು ಕಾಲು ನಿಲ್ಲಿಸಿ. ಮೂರಿಂಚಿನ ಕಾಲು ಯಾಕೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ: ಅದರ ತಲೆಯ ಎರಡಿಂಚು ಉದ್ದ ಪಟ್ಟಿಯ ಕೆಳಗೆ ಬರುತ್ತದೆ, ಉಳಿದ ಒಂದಿಂಚು ಅಡ್ಡ ತುಂಡಿನ ಕೆಳಗೆ. ಎರಡಕ್ಕೂ ಆಸರೆ. ಕಾಲುಗಳ ನಡುವೆ ಬರುವ ಆ ಎರಡು ಹೆಚ್ಚುವರಿ ತುಂಡುಗಳಿಗೆ ಮಾತ್ರ ಕಾಲಿಲ್ಲ, ಅಲ್ಲಿ ಸ್ಕ್ರೂ ಸ್ವಲ್ಪ ಹೊರುತ್ತದೆ. ಆಚಾರ್ರು ಒಪ್ಪಲಿ ಎಂದು ಅವುಗಳ ತುದಿಯ ಕೆಳಗೆ ಉದ್ದ ಪಟ್ಟಿಗೆ ಒಂದೊಂದು ಸಣ್ಣ ಮರದ ತುಂಡನ್ನು ಅಂಟು, ಸ್ಕ್ರೂ ಹಾಕಿ ಕೂರಿಸಿದೆ. ಪ್ಲೈವುಡ್ ನಡುವೆ ಜಗ್ಗದ ಹಾಗೆ ತಡೆಯುವುದಷ್ಟೇ ಅವುಗಳ ಕೆಲಸ.

ಕಾಲಿನ ತಲೆಗೆ ಅಂಟು ಹಚ್ಚಿ, ಚೌಕಟ್ಟಿನ ಒಳಬದಿಯಿಂದ ಓರೆಯಾಗಿ ಒಂದೊಂದು ಸ್ಕ್ರೂ ಹಾಕಿ ನಿಲ್ಲಿಸಿ. ಅದರ ಮೇಲೆ ಕೆಳಗಿನ ಚೌಕಟ್ಟು ಕೂರಿಸಿ, ಅದರ ಮೂಲಕ ಕಾಲಿನೊಳಕ್ಕೆ ನೇರ ಸ್ಕ್ರೂ ಹಾಕಿ. ಈಗ ಇಡೀ ಗೂಡನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಓಲಾಡುತ್ತದೆ! ಹೆದರಬೇಡಿ, ಈ ಹಂತದಲ್ಲಿ ಹಾಗೇ ಇರುತ್ತದೆ. ಭಾರ ಹೊರುವುದು ಒಂದು ವಿಷಯ, ಪಕ್ಕಕ್ಕೆ ಓಲದಿರುವುದು ಇನ್ನೊಂದು. ಎರಡನೆಯದನ್ನು ನೋಡಿಕೊಳ್ಳುವುದು ಪ್ಲೈವುಡ್.

ಹಿಂಬದಿಯ ಹಾಳೆ, ಎರಡು ಪಕ್ಕದ ಹಾಳೆ, ಮೂರಕ್ಕೂ ಅಂಟು ಹಚ್ಚಿ, ಆರಿಂಚಿಗೊಂದರಂತೆ ಒಂದೂವರೆ ಇಂಚಿನ ಸ್ಕ್ರೂ ಹಾಕಿ. ಹಾಳೆ ಮೇಲಿನ ಚೌಕಟ್ಟು, ಕಾಲು, ಕೆಳಗಿನ ಚೌಕಟ್ಟು ಮೂರನ್ನೂ ಹಿಡಿಯಬೇಕು. ಕೆಳಗೆ ಅರ್ಧ ಇಂಚು ಬಿಡಿ, ನೆಲ ಒರೆಸಿದ ನೀರು ಪ್ಲೈ ಅಂಚಿಗೆ ಏರದಿರಲಿ. ಪೈಪು, ವೈರು ಹೋಗಲು ಹಿಂಬದಿಯಲ್ಲಿ ಕಿಂಡಿ ಬೇಕಾದರೆ ಗುಂಡಗೆ ಕೊರೆಯಿರಿ, ಅಂಚಿನಿಂದ ಆರಿಂಚು ಒಳಗೆ. ಹಿಂಬದಿ ಹಾಳೆಯನ್ನು ಪೂರ್ತಿ ತೆರೆದು ಬಿಡುವವರಿದ್ದಾರೆ, ಗಾಳಿಯಾಡಲಿ ಅಂತ. ಮಗು ಓಡಿಬಂದು ತುದಿಗೆ ಗುದ್ದಿದ ದಿನ ಅದರ ಬೆಲೆ ಗೊತ್ತಾಗುತ್ತದೆ. ಅಂಟು ಒಣಗಲು 24 ಗಂಟೆ ಬಿಟ್ಟು ಮತ್ತೆ ಅಲ್ಲಾಡಿಸಿ ನೋಡಿ, ಬೇಕಾದರೆ ಸೊಂಟದಿಂದ ಗುದ್ದಿ. ಸ್ಟ್ಯಾಂಡ್ ಜರುಗಬಹುದು, ಓಲಬಾರದು.

ಮುಂದೆ ನಡುಗಾಲು ಇರುವುದರಿಂದ 20 ಇಂಚಿನ ಎರಡು ಬಾಯಿ ಉಳಿಯುತ್ತವೆ. ಕ್ಯಾನಿಸ್ಟರ್ ಫಿಲ್ಟರಿಗೆ, ಆಹಾರದ ಡಬ್ಬಿಗಳಿಗೆ ಸಾಕು. ಕೆಳಗೆ 30 ಇಂಚಿನ ಸಂಪ್ (ಟ್ಯಾಂಕಿನ ನೀರು ಸೋಸುವ ಇನ್ನೊಂದು ತೊಟ್ಟಿ) ಇಡುವ ಯೋಚನೆಯಿದ್ದರೆ ಅದು ಈ ಬಾಯಲ್ಲಿ ಒಳಗೆ ಹೋಗದು. ಪಕ್ಕದ ಹಾಳೆ ಹೊಡೆಯುವ ಮುಂಚೆಯೇ ಒಳಗಿಡಿ, ಅಥವಾ ಮುಂದಿನ ನಡುಗಾಲು ತೆಗೆದು ಮುಂದಿನ ಉದ್ದ ಪಟ್ಟಿಯನ್ನು ಆರಕ್ಕೆ ಎರಡಿಂಚಿನದು ಮಾಡಿ. ಆಗ ಮುಂದಿನ ಕಾಲುಗಳು ಎರಡಿಂಚು ಗಿಡ್ಡ.

ಮೇಲ್ಹಾಸಿನ 18 ಮಿಲಿಮೀಟರ್ ಪ್ಲೈ ಕೊನೆಗೆ. ಪಕ್ಕದ ಹಾಳೆಗಳ ಅಂಚೂ ಮುಚ್ಚುವ ಹಾಗೆ ಅಳೆದು ಕತ್ತರಿಸಿ. ಸ್ಕ್ರೂ ತಲೆ ಒಂದೂ ಮೇಲೆ ಉಳಿಯಬಾರದು, ಒಳಕ್ಕಿಳಿಸಿ ಮರದ ಪುಟ್ಟಿ ತುಂಬಿ ಉಜ್ಜಿ. 120ರ ಉಪ್ಪು ಕಾಗದ, ಪ್ರೈಮರ್, ಎರಡು ಕೈ ಎನಾಮೆಲ್. ಹೊರಗೆ ಚಂದ ಕಾಣುವುದಕ್ಕಿಂತ ಒಳಗೆ, ಕೊಯ್ದ ಅಂಚುಗಳಿಗೆ, ಕೊರೆದ ಕಿಂಡಿಗಳ ಸುತ್ತ ಬಳಿಯುವುದು ಮುಖ್ಯ. ನೀರು ನುಗ್ಗುವುದು ಅಲ್ಲಿಂದಲೇ. ವಾಸನೆ ಹೋಗುವ ತನಕ, ಒಂದು ವಾರವಾದರೂ, ಹೊರಗೆ ಬಿಡಿ.

ಮರದ ಕೆಲಸ ಆಗದು ಅನ್ನುವವರಿಗೆ

ವೆಲ್ಡಿಂಗ್ ಅಂಗಡಿಗೆ ಹೋಗಿ, ತಪ್ಪೇನಿಲ್ಲ. 40ಕ್ಕೆ 40 ಮಿಲಿಮೀಟರಿನ ಚದರ ಪೈಪು, ಗೋಡೆ ದಪ್ಪ 2 ಮಿಲಿಮೀಟರ್. ದಪ್ಪದಲ್ಲಿ ಮೋಸ ಆಗುವುದುಂಟು. 20 ಅಡಿಯ ಒಂದು ಪೈಪು 14 ಕೆಜಿಯ ಹತ್ತಿರ ತೂಗಬೇಕು, ತಕ್ಕಡಿಗೆ ಹಾಕಿಸಿ ನೋಡಿ. ವೆಲ್ಡಿಂಗ್ ಬಿಸಿಗೆ ಚೌಕಟ್ಟು ತಿರುಚುತ್ತದೆ, ಆದ್ದರಿಂದ ಬಣ್ಣ ಬಳಿಯುವ ಮುಂಚೆ ಎರಡು ಕರ್ಣಕ್ಕೂ ದಾರ ಎಳೆದು ನೋಡಿ. ನಡುವೆ ದಾರಗಳು ಒಂದನ್ನೊಂದು ಬರೀ ಮುಟ್ಟುವ ಹಾಗಿದ್ದರೆ ಸರಿ, ನಡುವೆ ಸಂದು ಬಂದರೆ, ಅಥವಾ ಒಂದು ಇನ್ನೊಂದನ್ನು ಒತ್ತಿದರೆ, ತಿರುಚಿದೆ ಎಂದರ್ಥ. ಮೇಲ್ಮೈಯ ವೆಲ್ಡಿಂಗ್ ಗಂಟುಗಳನ್ನು ಗ್ರೈಂಡ್ ಮಾಡಿಸಿ, ರೆಡ್ ಆಕ್ಸೈಡ್ ಎರಡು ಕೈ. ಅದರ ಮೇಲೂ 18 ಮಿಲಿಮೀಟರ್ ಪ್ಲೈ ಬೇಕೇ ಬೇಕು.

ನೀರಿಗೆ ಮುಂಚೆ ಸಿಮೆಂಟು

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಮೇಸ್ತ್ರಿಯನ್ನು ಕೇಳಿ ಒಂದು ರಾತ್ರಿಗೆ ಹತ್ತು ಮೂಟೆ ಸಿಮೆಂಟು ಸಾಲ ತಂದೆ. ಅವರಿಗೆ ನನ್ನ ತಲೆ ಸರಿಯಿಲ್ಲ ಎನ್ನಿಸಿತ್ತು, ಆದರೂ ಎರಡು ಹುಡುಗರನ್ನು ಕಳಿಸಿದರು. ಸ್ಟ್ಯಾಂಡನ್ನು ಅದರ ಜಾಗದಲ್ಲಿಟ್ಟು, ಮುಂದಿನ ಉದ್ದ ಪಟ್ಟಿಯ ಎರಡು ತುದಿಗೆ ಸಣ್ಣ ಮೊಳೆ ಹೊಡೆದು, ಬಿಗಿಯಾಗಿ ದಾರ ಕಟ್ಟಿ, ದಾರದ ನೇರಕ್ಕೆ ಪಟ್ಟಿಯ ನಡುವೆ ಮತ್ತು ನಡುಗಾಲಿನ ಎರಡೂ ಪಕ್ಕದ ಮಧ್ಯಭಾಗದಲ್ಲಿ ಪೆನ್ಸಿಲ್ ಗೆರೆ ಹಾಕಿದೆ. ಮೂಟೆ ಪೇರಿಸಿದೆವು. ಬೆಳಿಗ್ಗೆ ಎದ್ದು ನೋಡಿದರೆ ಗೆರೆ ಮತ್ತು ದಾರದ ನಡುವೆ ಸಂದೇ ಇರಲಿಲ್ಲ. ನಿಮಗೆ ಒಂದು ಮಿಲಿಮೀಟರ್ ಕಂಡರೆ ಚಿಂತೆ ಬೇಡ. ಮೂರು ಕಂಡರೆ ಟ್ಯಾಂಕ್ ಇಡಬೇಡಿ, ಎಲ್ಲಿ ತಪ್ಪಿದೆ ಹುಡುಕಿ. ಸಿಮೆಂಟು ಸಿಗದಿದ್ದರೆ 25 ಕೆಜಿಯ ಅಕ್ಕಿ ಮೂಟೆ ಇಪ್ಪತ್ತು; ಮನೆಯಲ್ಲಿ ಮದುವೆಯಿದ್ದರೆ ಮಾತ್ರ ಸಾಧ್ಯ.

ಮಟ್ಟ

ಕೆಳಗಿನ ಚೌಕಟ್ಟಿನಡಿ ಉದ್ದಕ್ಕೂ ಅರ್ಧ ಇಂಚಿನ ಪಿವಿಸಿ ಪಟ್ಟಿ ಹಾಸಿ, ಅದು ಒರೆಸುವ ನೀರಿಗೂ ಗೆದ್ದಲಿಗೂ ಅಡ್ಡ. ರಸಮಟ್ಟವನ್ನು ಮೇಲ್ಹಾಸಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ಒಂದು ಕಡೆ ತಗ್ಗಿದ್ದರೆ ಬೆಣೆ ಕೊಡುವುದು ಸ್ಟ್ಯಾಂಡಿನ ಕೆಳಗೆ, ನೆಲಕ್ಕೂ ಸ್ಟ್ಯಾಂಡಿಗೂ ನಡುವೆ. ಟ್ಯಾಂಕಿಗೂ ಸ್ಟ್ಯಾಂಡಿಗೂ ನಡುವೆ ಮೂಲೆಗೆ ಮಡಿಚಿದ ರಟ್ಟು ತುರುಕುವುದು ಗಾಜು ಒಡೆಯಲು ಇರುವ ಸುಲಭ ಉಪಾಯ.

ಟ್ಯಾಂಕಿನಡಿ ಥರ್ಮೋಕೋಲ್ ಹಾಕಬೇಕೇ ಎನ್ನುವುದು ಟ್ಯಾಂಕು ಎಂಥದ್ದು ಅನ್ನುವುದರ ಮೇಲೆ. ನಮ್ಮ ಅಂಗಡಿಗಳಲ್ಲಿ ಮಾಡಿಕೊಡುವ, ತಳದ ಗಾಜು ನೇರ ಸ್ಟ್ಯಾಂಡನ್ನು ಮುಟ್ಟುವ ಟ್ಯಾಂಕಿಗೆ ಅರ್ಧ ಇಂಚಿನ ಥರ್ಮೋಕೋಲ್ ಹಾಳೆ ಬೇಕು, ಪೂರ್ತಿ ತಳಕ್ಕೆ ಒಂದೇ ತುಂಡು. ಕೆಳಗೆ ಉಳಿದ ಒಂದು ಮರಳಿನ ಕಣವನ್ನೂ ಅದು ನುಂಗಿಕೊಳ್ಳುತ್ತದೆ. ಸುತ್ತ ಪ್ಲಾಸ್ಟಿಕ್ ಚೌಕಟ್ಟಿದ್ದು ತಳದ ಗಾಜು ಮೇಲೆ ತೇಲುವಂತಿರುವ ಕಂಪನಿ ಟ್ಯಾಂಕಿಗೆ ಥರ್ಮೋಕೋಲ್ ಬೇಡ. ನಡುವೆ ಅದು ಗಾಜನ್ನು ಮೇಲಕ್ಕೆ ಒತ್ತಿ ಅಪಾಯ ತರುತ್ತದೆ.

ನೀರು ಒಮ್ಮೆಗೇ ತುಂಬಬೇಡಿ. ಕಾಲು ಭಾಗ ತುಂಬಿ, ನಾಲ್ಕೂ ಮೂಲೆಯಲ್ಲಿ ಗಾಜಿನ ಮೇಲಂಚಿನಿಂದ ನೀರಿನವರೆಗೆ ಸ್ಕೇಲಿನಲ್ಲಿ ಅಳೆಯಿರಿ. ನೀರಿಗಿಂತ ಒಳ್ಳೆಯ ಮಟ್ಟಗೋಲು ಇಲ್ಲ. ಈ ತುದಿಗೂ ಆ ತುದಿಗೂ ಎರಡು ಮಿಲಿಮೀಟರ್ ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಈಗಲೇ ನೀರು ತೆಗೆದು ಸರಿಮಾಡಿ. ಪೂರ್ತಿ ತುಂಬಿದ ಮೇಲೆ ನಾಲ್ಕು ಜನ ಬಂದರೂ ಅಲ್ಲಾಡಿಸಲು ಆಗದು, ಆಡಿಸಲೂಬಾರದು. ಅರ್ಧ ತುಂಬಿ ಒಂದು ರಾತ್ರಿ, ಮರುದಿನ ಪೂರ್ತಿ.

ಕರೆಂಟಿನ ಬಗ್ಗೆ ಒಂದೇ ಮಾತು. ಪ್ಲಗ್ ಬೋರ್ಡನ್ನು ಸ್ಟ್ಯಾಂಡಿನೊಳಗೆ ನೆಲದ ಮೇಲೆ ಇಡಬೇಡಿ, ಒಳಗಿನ ಪಕ್ಕದ ಹಾಳೆಗೆ ಎತ್ತರದಲ್ಲಿ ಹೊಡೆಯಿರಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿದ್ದು ಆಮೇಲೆ ಮೇಲೇರಲಿ, ವೈರಿನ ಮೇಲೆ ಹರಿದುಬಂದ ಹನಿ ಆ ಬಾಗಿನಲ್ಲೇ ಕೆಳಗೆ ಉದುರುತ್ತದೆ. ಮನೆಯ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಮೀನು ತರುವ ಮುಂಚೆ ಅದನ್ನು ಹಾಕಿಸಿ. ಕಬ್ಬಿಣದ ಸ್ಟ್ಯಾಂಡಾದರೆ ಅರ್ತಿಂಗೂ ಬೇಕು.

ದಾರ ಕಟ್ಟಿದ ಆ ಎರಡು ಮೊಳೆಗಳನ್ನು ನಾನು ಕೀಳಲಿಲ್ಲ. ಮುಂದಿನ ಎರಡು ಬಾಯಿಗೆ ಆಮೇಲೆ ಹಾಕಿದ ಬಾಗಿಲು ಮುಚ್ಚಿದರೆ ಕಾಣುವುದಿಲ್ಲ. ಹೋದ ವರ್ಷ ಆಷಾಢದ ಮಳೆಯಲ್ಲಿ ಎಡಗಡೆ ಬಾಗಿಲು ಮುಚ್ಚದೆ ಕಚ್ಚಿಕೊಂಡಿತು. ಡ್ರಾಯರಿನ ನೆನಪಾಗಿ ಎದೆ ಧಸಕ್ಕೆಂದಿತು. ದಾರ ತಂದು ಮೊಳೆಗೆ ಕಟ್ಟಿದೆ, ಟಾರ್ಚು ಹಿಡಿದು ನೋಡಿದೆ. ಗೆರೆ ದಾರದ ನೇರದಲ್ಲೇ ಇತ್ತು. ಉಬ್ಬಿದ್ದು ಬಾಗಿಲು, ಮಳೆಗೆ. ಅಂಚನ್ನು ಉಪ್ಪು ಕಾಗದದಿಂದ ಹತ್ತು ಸಲ ಉಜ್ಜಿ, ಬಿಟ್ಟುಹೋಗಿದ್ದ ಕಡೆ ಬಣ್ಣ ಬಳಿದೆ.